ಮನೆಯಲ್ಲಿಯೆ ಹೊಲಿದ ಮೊದಲ ಕೌದಿ

ಹುಬ್ಬಳ್ಳಿಯ ಕಡೆಯಿಂದ ಮೀಟರ್ ಗೇಜಿನ ಗಾಡಿಯಲ್ಲಿ ಬಂದು, ಮೀರಜದಲ್ಲಿ ಇಳಿದು, ಬ್ರಾಡ್ ಗೇಜಿನ ಗಾಡಿಯನ್ನೇರಿ ಮುಂಬಯಿಯನ್ನು ತಲುಪಬೇಕಾಗಿದ್ದ ದಿನಗಳನ್ನು ಕಂಡವರು ನಮ್ಮ ವಾಚಕರಲ್ಲಿ ಇಂದಿಗೂ ಕೆಲವರಿರಬಹುದು. ಉದ್ಯೋಗವನ್ನರಸಿ ಹೊರಟ ಅಂದಿನ ತರುಣನ ಕೈಯಲ್ಲೊಂದು ತಗಡಿನ ಟ್ರಂಕು, ಹೆಗಲ ಮೇಲೊಂದು ಹಗ್ಗದಿಂದ ಬಿಗಿದ ಹಾಸಿಗೆಯ ಸುರುಳಿ. ಇವೆರಡೆ ಅವನ ಆಸ್ತಿ. ಟ್ರಂಕಿನೊಳಗೆ ಏನಿದ್ದೀತೆಂಬುದು ಮನೆಗೊಂದು ಬಗೆ. ಸುರುಳಿಯೊಳಗೆ ಇರುತ್ತಿದ್ದುದು ಮಾತ್ರ ಬಯಲುಸೀಮೆಯ ಬಹುತೇಕ ಮನೆಗಳಲ್ಲಿ ಒಂದೆ. ಅದು ಕೌದಿ. ಸ್ಟೇಶನ್ನಿನಲ್ಲಿ ರಾತ್ರಿ ಕಳೆಯಬೇಕಾದರೆ ಅದೆ ಹಾಸಿಗೆ, ಅದೆ ಹೊದಿಕೆ. ಹೊಟೇಲಿನ ಗಿರಾಕಿಗಳೆಲ್ಲ ಹೋಗಿ, ಬಾಗಿಲೆಳೆದು, ಮೇಜುಗಳನ್ನು ಒಂದು ಮಗ್ಗುಲಿಗೆ ಸರಿಸಿ, ತೊಳೆದ ನೆಲ ಇನ್ನೂ ಹಸಿಯಾಗಿರುವಾಗಲೆ ಅದನ್ನು ಬಿಚ್ಚಿ ಹಾಸಿದರೆ, ಕೆಳಗಿನ ತಂಪು ಬೆನ್ನಿಗೆ ತಾಗುತ್ತಿರಲಿಲ್ಲ.

ಆ ಕೌದಿಯನ್ನು ಹೊಲಿಯುತ್ತಿದ್ದವರು ಮನೆಯ ಹೆಂಗಸರು. ತಾಯಿ, ಅಜ್ಜಿ, ಅತ್ತೆ, ನೆರೆಮನೆಯ ಕಾಕಿ, ಹೀಗೆ ನಾಲ್ಕಾರು ಕೈಗಳು ಸೇರಿ ಬೇಸಗೆಯ ಮಧ್ಯಾಹ್ನಗಳಲ್ಲಿ ಅದು ಮುಗಿಯುತ್ತಿತ್ತು. ಕೈಸಾಗದ ಮನೆಗಳಿಗೆ ಗೊಂಧಳಿ ಸಮಾಜದ ಹೆಣ್ಣುಮಕ್ಕಳು ಕೂಲಿಗೆ ಬಂದು ಹೊಲಿದುಕೊಡುತ್ತಿದ್ದುದೂ ಉಂಟು. ಗಂಡಸರಾದ ನಾವು ಅದರ ಮೇಲೆ ಮಲಗಿದೆವೆ ಹೊರತು, ಅದು ಹೇಗೆ ಆಯಿತೆಂದು ಕೇಳಿದವರಲ್ಲ. ಕೇಳಬೇಕಾದ ಪ್ರಸಂಗ ನಮಗೆ ಬಂದುದು ಬಹಳ ತಡವಾಗಿ, ಅದೂ ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ, ತಲೆಗೂದಲು ನೆರೆತ ಮೇಲೆ.

ಕೌದಿ ನಮ್ಮ ನಾಡಿಗೆ ಮಾತ್ರ ಸೇರಿದ ವಸ್ತುವೆಂದು ಯಾರೂ ಭಾವಿಸಬಾರದು. ಮುಂಬಯಿ ಪುಣೆಗಳ ವಾಚಕರು ನೆರೆಯ ಮರಾಠಿ ಮನೆಗಳಲ್ಲಿ ಗೋಧಡಿಯನ್ನು ಕಂಡೇ ಇರುತ್ತಾರೆ. ಹೈದರಾಬಾದಿನಲ್ಲಿರುವವರು ತೆಲುಗರ ಬಾಯಲ್ಲಿ ಬೊಂತ ಎಂಬ ಹೆಸರನ್ನು ಕೇಳಿರಬಹುದು. ಬಂಗಾಳದಲ್ಲಿ ಇದಕ್ಕೆ ಕಾಂಥಾ ಎನ್ನುತ್ತಾರೆ, ಬಿಹಾರದಲ್ಲಿ ಸುಜನಿ, ಸಿಂಧ ರಾಜಸ್ಥಾನಗಳ ಕಡೆ ರಲ್ಲಿ. ಹೆಸರು ಬೇರೆಯಾದರೂ ಮಾಡುವ ಮಾತು ಒಂದೆ: ಉಟ್ಟು ಸವೆದ ಹತ್ತಿಬಟ್ಟೆಯನ್ನು ಪದರಪದರವಾಗಿ ಇಟ್ಟು, ಉದ್ದಕ್ಕೂ ಓಡುಹೊಲಿಗೆ ಹಾಕಿ ಒಂದು ಮಾಡುವುದು. ದಿಲ್ಲಿಯ ಚಳಿಗೆ ಹೊದೆಯುವ ರಜಾಯಿಯ ಜಾತಿಯೆ ಬೇರೆ. ಅದರ ಹೊಟ್ಟೆಯಲ್ಲಿ ಹಿಂಜಿದ ಹತ್ತಿ ಇರುತ್ತದೆ. ಕೌದಿಯ ಹೊಟ್ಟೆಯಲ್ಲಿ ಬಟ್ಟೆಯಲ್ಲದೆ ಬೇರೇನೂ ಇಲ್ಲ. ಆದರೂ ಅದು ಬೆಚ್ಚಗಿರುತ್ತದೆ; ಏಕೆಂದರೆ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗದೆ ನಿಂತು ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ. ಹೊಲಿಗೆಯ ಸಾಲುಗಳ ನಡುವೆ ಬಟ್ಟೆ ಸಣ್ಣಗೆ ಉಬ್ಬಿ ನಿಲ್ಲುವುದನ್ನು ನೋಡಿರುವಿರಲ್ಲವೆ? ಆ ಉಬ್ಬುಗಳೆ ಗಾಳಿಯ ಮನೆಗಳು.

ನಮ್ಮ ತಾಯಿ ತೀರಿಕೊಂಡ ಬಳಿಕ ಅವರ ಸೀರೆಗಳನ್ನು ಅಕ್ಕಂದಿರೂ ಸೊಸೆಯಂದಿರೂ ಹಂಚಿಕೊಂಡರು. ನಮ್ಮ ಪಾಲಿಗೆ ಮೂರು ಬಂದವು. ಒಂದು ಇಳಕಲ್ಲದ ಒಂಬತ್ತು ಗಜದ ಸೀರೆ. ಒಂದು ಬೆಳಗಾವಿಯ ಶಹಾಪುರದ್ದು. ಮತ್ತೊಂದು ನಿತ್ಯ ಉಡುತ್ತಿದ್ದ ಕಂದುಬಣ್ಣದ ನೂಲಿನ ಸೀರೆ. ಇವುಗಳ ಜೊತೆಗೆ ತಂದೆಯವರ ಒಂದು ಧೋತರವೂ ಇತ್ತು. ನಮ್ಮ ಮನೆಯಲ್ಲಿ ಒಂಬತ್ತು ಗಜವನ್ನು ಉಡುವವರು ಯಾರೂ ಇಲ್ಲ. ದಾನ ಕೊಡಲು ಮನಸ್ಸಾಗಲಿಲ್ಲ. ಹೀಗಾಗಿ ನಾಲ್ಕು ವರ್ಷಗಳವರೆಗೆ ಅವು ಮಂಚದ ಕೆಳಗಿನ ಟ್ರಂಕಿನಲ್ಲಿ ಉಳಿದವು. ಒಂದು ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಹಾಕಲೆಂದು ತೆಗೆದಾಗ ಇಳಕಲ್ಲ ಸೀರೆಯ ಸೆರಗು ಮಡಿಕೆ ಮಡಿಕೆಗೂ ಬಿರಿದಿತ್ತು. ವರ್ಷಗಟ್ಟಲೆ ಒಂದೆ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯಲ್ಲಿಯೆ ಮುರಿಯುತ್ತದೆಂಬುದು ನಮಗೆ ಗೊತ್ತಿರಲಿಲ್ಲ. ಇಳಕಲ್ಲ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ; ಆ ಜೋಡಣೆ ಮಾತ್ರ ಒಂದಿಷ್ಟೂ ಬಿಟ್ಟಿರಲಿಲ್ಲ. ನೇಕಾರನ ಕೈಗಂಟು ಉಳಿದಿತ್ತು, ನಾವು ಜೋಪಾನ ಮಾಡಿದ ರೇಷ್ಮೆ ಹೋಗಿತ್ತು.

ಆ ದಿನಗಳಲ್ಲಿಯೆ ನಮ್ಮ ದೊಡ್ಡಕ್ಕ ಕಣ್ಣಿನ ಚಿಕಿತ್ಸೆಗೆಂದು ಹದಿನೈದು ದಿನ ನಮ್ಮಲ್ಲಿ ಬಂದಿದ್ದಳು. ಬಿರಿದ ಸೆರಗನ್ನು ತೋರಿಸಿದೆವು. ಅಳುವಳೆಂದು ತಿಳಿದಿದ್ದೆವು, ಅಳಲಿಲ್ಲ. ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಗಟ್ಟಿ ಎಲ್ಲಿ ಜಾಳು ಎಂದು ಬೆರಳಿನಿಂದ ನೋಡಿ, “ಮೈ ಛಲೋ ಐತಿ. ಕೌದಿ ಹಾಕೋಣು” ಎಂದಳು. ನಾವು ಕತ್ತರಿ ತಂದೆವು.

“ತಮ್ಮಾ, ಕತ್ತರಿ ಯಾಕ ತಂದಿ? ಅರಿವಿಗೆ ತನ್ನ ಎಳಿ ಗೊತ್ತೈತಿ. ಅಂಚಿಗೆ ಒಂದೀಟು ಕಚ್ಚು ಹಾಕಿ ಹರಿ. ತಾನ ನೆಟ್ಟಗ ಹೋಗತೈತಿ.”

“ಅಕ್ಕಾ, ಅವ್ವನ ಸೀರಿ ಹರೀಲಿಕ್ಕೆ ಕೈ ಬರವಲ್ದು.”

“ಟ್ರಂಕಿನ್ಯಾಗ ಇಟ್ರ ಅದು ತಾನ ಹರೀತೈತಿ. ನೀ ಹರದ್ರ ಕೌದಿ ಆಗತೈತಿ.”

ಹರಿದೆವು. ಹತ್ತಿಬಟ್ಟೆ ಹರಿಯುವ ಆ ಸದ್ದು ಸಣ್ಣದೇನಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಏನಾಯಿತೆಂದು ಕೇಳಿದರು. ಆದರೆ ಅಕ್ಕನ ಮಾತು ನಿಜವಾಗಿತ್ತು. ಕತ್ತರಿ ನಮ್ಮ ಕಣ್ಣಿನ ಅಂದಾಜಿನಂತೆ ಹೋಗುತ್ತದೆ, ಹರಿತ ಎಳೆಯ ಗುಂಟ ಹೋಗುತ್ತದೆ. ಎಳೆಯ ಗುಂಟ ಹೋದ ತುಂಡಿನ ನಾಲ್ಕು ಮೂಲೆಗಳೂ ನೇರವಾಗಿರುತ್ತವೆ, ಮುಂದೆ ಒಗೆತಕ್ಕೆ ಸೊಟ್ಟಗಾಗುವುದಿಲ್ಲ. ಹರಿಯುವಾಗ ಬಟ್ಟೆ ಅಡ್ಡಾದಿಡ್ಡಿಯಾಗಿ ಸಿಗಿದುಹೋದರೆ ಅಷ್ಟು ಭಾಗ ತೀರ ಸವೆದಿದೆಯೆಂದು ತಿಳಿದು ಒಳಪದರಕ್ಕೆ ಹಾಕತಕ್ಕದ್ದು. ಬಟ್ಟೆಯ ಪರೀಕ್ಷೆಯೂ ಅದರಲ್ಲಿಯೆ ಆಗಿಹೋಗುತ್ತದೆ.

ಇಲ್ಲಿ ಗುಮಾಸ್ತರಾದ ನಮ್ಮ ಹಳೆಯ ಚಟ ಕೆಲಸಕ್ಕೆ ಬಂತು. ಅಕ್ಕ ಮೊಳದಿಂದಲೂ ಗೇಣಿನಿಂದಲೂ ಅಳೆಯುತ್ತಿರುವಾಗ ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ದೊಡ್ಡವರೊಬ್ಬರು ಮಲಗುವ ಕೌದಿ 6 ಅಡಿ ಉದ್ದ, 4 ಅಡಿ ಅಗಲ ಇದ್ದರೆ ಸಾಕು. ಒಂಬತ್ತು ಗಜದ ಸೀರೆಯ ಅಗಲವೂ ಹೆಚ್ಚುಕಡಿಮೆ 4 ಅಡಿಯೆ. ಅದನ್ನು ಎರಡೆರಡು ಗಜಕ್ಕೆ ಮಡಿಚಿದರೆ ನಾಲ್ಕು ಪದರಗಳಾಗಿ ಇನ್ನೂ ಒಂದು ಗಜ ಉಳಿಯುತ್ತದೆ. ಎಂದರೆ ಒಂದು ಸೀರೆಯಲ್ಲಿ ಒಂದು ಕೌದಿಯ ಹೊಟ್ಟೆ ತುಂಬಿ, ಮೇಲಿನ ಚೌಕಗಳಿಗೂ ಒಂದಿಷ್ಟು ಮಿಗುತ್ತದೆ. ನಮ್ಮ ಅಜ್ಜಿಯಂದಿರು ಈ ಲೆಕ್ಕವನ್ನು ಎಂದೂ ಬರೆದಿಡಲಿಲ್ಲ. ಆದರೆ ಕೌದಿಯ ಅಳತೆ ಸೀರೆಯ ಅಳತೆಯಿಂದಲೆ ಹುಟ್ಟಿದೆಯೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಹೊಲಿಗೆಯ ಲೆಕ್ಕ ಮಾತ್ರ ಧೈರ್ಯಗೆಡಿಸುವಂಥದು. ಅರ್ಧ ಅಂಗುಲಕ್ಕೊಂದು ಸಾಲಿನಂತೆ 4 ಅಡಿ ಅಗಲಕ್ಕೆ 96 ಸಾಲುಗಳು. ಸಾಲೊಂದಕ್ಕೆ 72 ಅಂಗುಲ. ಅಂಗುಲಕ್ಕೆ ಮೂರು ಹೊಲಿಗೆ ಎಂದರೂ ಒಟ್ಟು 20,736 ಹೊಲಿಗೆಗಳು. ನೂಲು ಸುಮಾರು 240 ಗಜ ಬೇಕು. ಈ ಮೊತ್ತವನ್ನು ಅಕ್ಕನಿಗೆ ಓದಿಹೇಳಿದೆವು. “ಎಣಿಸ್ಕೋತ ಕುಂತ್ರ ಯಾರೂ ಹೊಲಿಯೂದಿಲ್ಲ” ಎಂದು ಕಾಗದವನ್ನು ಕಸಿದುಕೊಂಡಳು.

ಸಾಮಗ್ರಿ ಬಹಳವೇನೂ ಬೇಡ. ಗೋಣಿಚೀಲ ಹೊಲಿಯುವ ದಬ್ಬಣ ಇದಕ್ಕೆ ಉಪಯೋಗವಿಲ್ಲ, ಅದು ಸವೆದ ಬಟ್ಟೆಯಲ್ಲಿ ತೂತು ಮಾಡಿಬಿಡುತ್ತದೆ. ಅಂಗಿಗೆ ಗುಂಡಿ ಹಚ್ಚುವ ಸೂಜಿಗಿಂತ ತುಸು ಉದ್ದ, ತುಸು ದಪ್ಪ ಇದ್ದರಾಯಿತು. ಒಂದಲ್ಲ, ನಾಲ್ಕು ತಂದಿಡಿ; ಎರಡು ಮುರಿಯುತ್ತವೆ, ಒಂದು ಕಳೆಯುತ್ತದೆ. ದಪ್ಪನೆಯ ಹತ್ತಿನೂಲು; ಅದು ಸಿಕ್ಕುಗಟ್ಟದಂತೆ ಮೇಣದಬತ್ತಿಯ ತುಂಡಿಗೆ ಒಮ್ಮೆ ತಿಕ್ಕಿಕೊಳ್ಳುವುದು. ನೂಲು ಕೈಯಳತೆಗಿಂತ ಉದ್ದವಿರಬಾರದು. ಬೇಗ ಮುಗಿದೀತೆಂಬ ಆಸೆಯಿಂದ ಎರಡು ಮಾರು ಪೋಣಿಸಿದವನು ಅರ್ಧ ವೇಳೆಯನ್ನು ಗಂಟು ಬಿಡಿಸುವುದರಲ್ಲಿಯೆ ಕಳೆಯುತ್ತಾನೆ, ಇದು ಸ್ವಾನುಭವ. ಬೆರಳಿಗೆ ದರ್ಜಿಗಳು ಹಾಕಿಕೊಳ್ಳುವ ಲೋಹದ ಅಂಗುಸ್ತಾನ ಒಂದಿರಲಿ. ನಾವು ಅದನ್ನು ಹಗುರಾಗಿ ಎಣಿಸಿದುದರಿಂದ ಮೂರನೆಯ ದಿನ ಆಫೀಸಿನಲ್ಲಿ ಪೆನ್ನು ಹಿಡಿಯಲಾರದೆ ಹೋದೆವು.

ಬಟ್ಟೆಯ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಹತ್ತಿಯಲ್ಲದ್ದು ಬೇಡ. ಟೆರಿಲಿನ್, ಪಾಲಿಯೆಸ್ಟರುಗಳು ಬೆವರನ್ನು ಹೀರುವುದಿಲ್ಲ, ಪದರದೊಳಗೆ ಜಾರುತ್ತವೆ, ಸೂಜಿಯೂ ಸಲೀಸಾಗಿ ಇಳಿಯುವುದಿಲ್ಲ. ಗುರುತು ಹಿಡಿಯುವುದಕ್ಕೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ನೀರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು, ಕಡ್ಡಿ ಗೀರಿ ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಂತೆ ಉಳಿಯುತ್ತದೆ. ಮನೆಯಲ್ಲಿ ಹಳೆಯ ಬಟ್ಟೆ ಸಾಲದವರು ದರ್ಜಿಯ ಅಂಗಡಿಯಲ್ಲಿ ಚಿಂದಿ ಕೇಳಬಹುದು, ಅಲ್ಲಿಯೂ ಈ ಪರೀಕ್ಷೆ ತಪ್ಪದು. ಬೀದಿಯಲ್ಲಿ ಕೆಲವೇ ನೂರು ರೂಪಾಯಿಗೆ ಮಾರುವ ಯಂತ್ರದ ಬ್ಲಾಂಕೆಟ್ಟುಗಳು ನೋಡಲು ಗೊಂಡೆಗೊಂಡೆಯಾಗಿದ್ದರೂ ಮುಂಬಯಿಯ ಸೆಕೆಯಲ್ಲಿ ಅವನ್ನು ಹೊದ್ದವರು ನಡುರಾತ್ರಿ ಒದ್ದುಹಾಕುವುದನ್ನು ನಾವು ಬಲ್ಲೆವು.

ಮುಂಬಯಿಯ ಮನೆಯಲ್ಲಿ ಕೌದಿ ಹರವುವುದೆ ಒಂದು ಪರ್ವ. ಮೇಜನ್ನು ಮೊಗಸಾಲೆಗೆ ಒಯ್ದು, ಕುರ್ಚಿಗಳನ್ನು ಮಂಚದ ಮೇಲೇರಿಸಿ, ಒಂದು ಭಾನುವಾರ ಅಡಿಗೆಯನ್ನು ಬೇಗ ಮುಗಿಸಿ ನೆಲವನ್ನು ತೆರವು ಮಾಡಿದೆವು. ಮೊದಲು ಅಡಿಯ ಬಟ್ಟೆ, ಸುತ್ತಲೂ ಎರಡೆರಡು ಬೆರಳು ಹೆಚ್ಚಾಗಿ. ಅದರ ಮೇಲೆ ಒಳಪದರಗಳು. ಒಂದೊಂದು ಪದರವನ್ನೂ ಅಂಗೈಯಿಂದ ನೀವಿ, ಸುಕ್ಕನ್ನು ಅಂಚಿಗೆ ಓಡಿಸಿ, ನಾಲ್ಕು ಮೂಲೆಗಳಿಗೂ ನೀರು ತುಂಬಿದ ಹಿತ್ತಾಳೆಯ ತಂಬಿಗೆಗಳನ್ನಿಟ್ಟೆವು. ಎಲ್ಲಕ್ಕೂ ಮೇಲೆ ಚೌಕದ ತುಂಡುಗಳು. ತುಂಡುಗಳ ಅಂಚನ್ನು ಅರ್ಧ ಬೆರಳಿನಷ್ಟು ಒಳಗೆ ಮಡಿಚಬೇಕು. ಮಡಿಕೆ ಕೂಡುವುದಕ್ಕೆ ಇಸ್ತ್ರಿಯೆ ಬೇಕೆಂದಿಲ್ಲ. ಗುಮಾಸ್ತರು ಪ್ಯಾಂಟನ್ನು ಗಾದಿಯ ಕೆಳಗಿಟ್ಟು ಮಲಗುತ್ತಿದ್ದ ಯುಕ್ತಿ ಇಲ್ಲಿಯೂ ಸಲ್ಲುತ್ತದೆ.

ಇನ್ನು ಕಚ್ಚಾ ಹೊಲಿಗೆ. ಒಂದೊಂದು ಗೇಣಿಗೆ ಒಂದರಂತೆ ಉದ್ದುದ್ದ ಟಾಕುಗಳನ್ನು ನಡುವಿನಿಂದ ಅಂಚಿನ ಕಡೆಗೆ ಹಾಕುತ್ತ ಹೋಗುವುದು. ನಡುವಿನಿಂದಲೆ ಏಕೆಂದರೆ, ಉಳಿದ ಸಡಿಲು ಹೊರಗೆ ಸರಿದುಹೋಗಲೆಂದು. ಈ ಹೊಲಿಗೆಯನ್ನು ಕೊನೆಗೆ ಬಿಚ್ಚಿಹಾಕುವುದಿದ್ದರೂ ಇದನ್ನು ಬಿಟ್ಟವನ ಕೌದಿ ನೆಟ್ಟಗಾಗುವುದಿಲ್ಲ. ಪಕ್ಕಾ ಹೊಲಿಗೆ ಇದಕ್ಕೆ ವಿಪರೀತ: ಅಂಚಿನಿಂದ ಆರಂಭ. ಹೊಲಿಯುವವರು ಕೌದಿಯ ಮೇಲೆಯೆ ಕೂತುಕೊಳ್ಳುತ್ತಾರೆ. ಮೈಭಾರವೆ ಬಟ್ಟೆಯನ್ನು ಬಿಗಿ ಹಿಡಿಯುತ್ತದೆ. ಹೊಲಿಯುವ ಜಾಗದ ಕೆಳಗೆ ಒಂದು ಸ್ಟೀಲಿನ ತಾಟು ಸರಿಸಿಕೊಂಡರೆ ಸೂಜಿಯ ಮೊನೆ ಅದಕ್ಕೆ ತಾಗಿ ತಾನೆ ಮೇಲೇಳುತ್ತದೆ, ಚಾಪೆಯನ್ನೂ ಕೂಡಿಸಿ ಹೊಲಿಯುವ ಅಪಾಯವಿಲ್ಲ. ಅಕ್ಕನ ಸೂಜಿಯ ಮೇಲೆ ಒಮ್ಮೆಲೆ ಐದಾರು ಹೊಲಿಗೆ ಏರುತ್ತಿದ್ದವು. ನಮ್ಮದರ ಮೇಲೆ ಎರಡು, ಬಹಳವಾದರೆ ಮೂರು. ಗಂಟನ್ನು ಪದರಗಳ ನಡುವೆ ಅಡಗಿಸಬೇಕು, ಇಲ್ಲವಾದರೆ ಮಲಗಿದವನ ಬೆನ್ನಿಗೆ ಹರಳಿನಂತೆ ಒತ್ತುತ್ತದೆ.

ಸಾಲುಗಳು ಅಷ್ಟು ದಟ್ಟವಾಗಿರಬೇಕೆಂದು ಅಕ್ಕ ಹಟ ಹಿಡಿದುದೇಕೆಂದು ಅನಂತರ ತಿಳಿಯಿತು. ಹಳೆಯ ಬಟ್ಟೆಗೆ ತನ್ನದಾದ ಬಲ ಉಳಿದಿರುವುದಿಲ್ಲ. ಎಳೆದಾಗ ಆ ಎಳೆತವನ್ನು ತಾಳುವುದು ನೂಲು. ಸಾಲುಗಳ ನಡುವೆ ನಾಲ್ಕು ಬೆರಳು ಬಿಟ್ಟರೆ ಒಂದು ಒಗೆತಕ್ಕೆ ಒಳಪದರ ಮುದ್ದೆಗಟ್ಟುತ್ತದೆ. ಅರ್ಧ ಅಂಗುಲಕ್ಕೊಂದಿದ್ದರೆ ಅರಿವೆಯೆಲ್ಲ ಒಂದೇ ಹಾಳೆಯಂತಾಗಿ, ಒಂದೆಡೆ ಹರಿದರೂ ಹರಿತ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ.

ಕೌದಿಯ ಮಾತು ಬಂದಾಗ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳನ್ನು ನೆನೆಯದಿದ್ದರೆ ತಪ್ಪಾದೀತು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನ ಊರುಗಳಲ್ಲಿ ನೆಲಸಿರುವ ಈ ಜನರ ಪೂರ್ವಿಕರು ಆಫ್ರಿಕದಿಂದ ಬಂದವರು, ಹಲವರು ಗುಲಾಮರಾಗಿ ತರಲ್ಪಟ್ಟವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಕೌದಿಯ ಕ್ರಮ ನಮ್ಮದಕ್ಕಿಂತ ಬೇರೆ. ಚೌಕಗಳನ್ನು ಮೊದಲೆ ಜೋಡಿಸಿಕೊಳ್ಳುವ ಗೊಡವೆ ಅವರಿಗಿಲ್ಲ. ಒಂದು ಮೂಲೆಯಿಂದ ತೊಡಗಿ, ಕೈಗೆ ಬಂದ ತುಂಡನ್ನು ಅಂಚಿಗೆ ಇಟ್ಟು ಹೊಲಿಯುತ್ತ ಸುತ್ತ ತಿರುಗಿ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ತುಂಡು ಜೋಡಿಸುವುದೂ ಪದರ ಹೊಲಿಯುವುದೂ ಒಂದೇ ಸೂಜಿಯಲ್ಲಿ ಆಗಿಹೋಗುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಚಿದ ಬಟ್ಟೆಯ ಮುಮ್ಮೂಲೆಗಳನ್ನು ಹಚ್ಚುತ್ತಾರೆ. ಅವಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. 2011ರಲ್ಲಿ ನ್ಯೂಯಾರ್ಕ್ ನಗರದ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೆ ನಡೆಯಿತು. ಹಾಸಿ ಮಲಗಬೇಕಾದ ಕೌದಿಯನ್ನು ಗೋಡೆಗೆ ತೂಗುಹಾಕುವುದು ಹಳ್ಳಿಯ ಮುದುಕಿಗೆ ವಿಚಿತ್ರವೆನಿಸಬಹುದು; ಆದರೆ ಯಾರ ಕಣ್ಣಿಗೂ ಬೀಳದೆ ಸವೆಯುತ್ತಿದ್ದ ದುಡಿಮೆ ಹಾಗೆ ನಾಲ್ಕು ಜನರ ಮುಂದೆ ನಿಂತುದು ನಮಗೆ ಹಿತವೆ ಆಯಿತು.

ಅಕ್ಕ ಊರಿಗೆ ಹೊರಡುವ ದಿನ ಕೌದಿಯ ಮೂರರಲ್ಲೊಂದು ಪಾಲೂ ಮುಗಿದಿರಲಿಲ್ಲ. ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದು ಅದೇ ಕಣ್ಣಿನಿಂದ ಹೊಲಿಯುತ್ತ ಕೂತವಳನ್ನು ನಾವು ಗದರಿಸಬೇಕಾಗಿ ಬಂದಿತ್ತು. ಉಳಿದುದನ್ನು ನಾವೂ ನಮ್ಮ ಮನೆಯವರೂ ರಾತ್ರಿ ಊಟದ ಬಳಿಕ ಒಂದೊಂದು ತಾಸು ಕೂತು ಮುಂದುವರಿಸಿದೆವು. ಅಡಚಣೆ ಬಂದಾಗ ವಿಡಿಯೋ ಕರೆ ಮಾಡಿ ಫೋನನ್ನು ಹೊಲಿಗೆಯ ಮೇಲೆ ಹಿಡಿಯುತ್ತಿದ್ದೆವು. “ಫೋನ ಅಲ್ಲೋ, ಕೌದಿ ಹೊಳ್ಳಿಸಿ ತೋರಸು” ಎನ್ನುತ್ತಿದ್ದಳು. ಹೊಲಿಗೆಯ ಬಂಡವಾಳ ತಿಳಿಯುವುದು ಹಿಂಭಾಗದಲ್ಲಿಯೆ. ದೀಪಾವಳಿಗೆ ಹಿಡಿದ ಕೆಲಸ ಯುಗಾದಿಗೆ ಮುಗಿಯಿತು.

ನಮ್ಮ ಎರಡು ತಪ್ಪುಗಳನ್ನು ಇಲ್ಲಿ ಮುಚ್ಚಿಡುವುದಿಲ್ಲ, ವಾಚಕರಿಗೆ ಪ್ರಯೋಜನವಾದೀತು. ಅಡಿಯ ಬಟ್ಟೆ ಗಟ್ಟಿಯಾಗಿರಲೆಂದು ಅಂಗಡಿಯಿಂದ ಹೊಸ ಕೋರಾ ಬಟ್ಟೆ ತಂದು, ನೀರು ತೋರಿಸದೆ ಹಾಗೆಯೆ ಹಾಕಿಬಿಟ್ಟಿದ್ದೆವು. ನೂರು ಸಲ ಒಗೆತ ಕಂಡ ಸೀರೆ ಇನ್ನು ಕುಗ್ಗುವುದಿಲ್ಲ. ಹೊಸ ಬಟ್ಟೆ ಕುಗ್ಗದೆ ಬಿಡುವುದಿಲ್ಲ. ಮೊದಲ ಒಗೆತಕ್ಕೆ ಅಡಿಯ ಬಟ್ಟೆ ಮೂರು ಬೆರಳು ಕುಗ್ಗಿ ಮೇಲ್ಭಾಗವೆಲ್ಲ ನೆರಿಗೆಗಟ್ಟಿತು. ಕೋರಾ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಒಗೆದು, ಒಣಗಿಸಿದ್ದರೆ ಈ ಆಭಾಸವಿರುತ್ತಿರಲಿಲ್ಲ.

ಎರಡನೆಯ ತಪ್ಪು ಇನ್ನೂ ನೋಯುವಂಥದು. ಇಳಕಲ್ಲದ ಸೆರಗಿನಲ್ಲಿ ಅಲ್ಲಲ್ಲಿ ಗಟ್ಟಿ ಉಳಿದಿದ್ದ ಕೆಂಪು ತುಂಡುಗಳನ್ನು ನಡುವೆ ಹಾಕಬೇಕೆಂದು ಹಟ ಮಾಡಿದವರು ನಾವೆ. ಅವುಗಳ ಮಗ್ಗುಲಿಗೆ ತಂದೆಯವರ ಬಿಳಿಯ ಧೋತರದ ತುಂಡುಗಳನ್ನಿಟ್ಟೆವು. ಇಬ್ಬರದೂ ಜೊತೆಯಲ್ಲಿರಲೆಂಬ ಭಾವನೆ. ಅಕ್ಕ ಕೆಂಪನ್ನು ಬೇರೆಯಾಗಿ ನೆನೆಯಿಟ್ಟು, ನೀರು ತಿಳಿಯಾಗುವವರೆಗೆ ಜಾಲಿಸೆಂದು ಹೇಳಿಹೋಗಿದ್ದಳು. ಆ ಸೀರೆ ಎಷ್ಟೋ ವರ್ಷ ಉಟ್ಟದ್ದಲ್ಲವೆ, ಬಣ್ಣ ಬಿಡುವುದಿದ್ದರೆ ಎಂದೋ ಬಿಟ್ಟಿರುತ್ತಿತ್ತೆಂದು ನಾವು ಸುಮ್ಮನಾದೆವು. ಒಗೆದ ದಿನ ಧೋತರದ ಬಿಳಿ ಗುಲಾಬಿಯಾಯಿತು. ಮತ್ತೆ ಮತ್ತೆ ತಣ್ಣೀರಿನಲ್ಲಿ ಜಾಲಿಸಿದ ಮೇಲೆ ಅರ್ಧ ಹೋಯಿತು, ಅರ್ಧ ಉಳಿಯಿತು. ತಾಯಿ ಆ ಸೀರೆಯನ್ನು ಹಬ್ಬಹುಣ್ಣಿಮೆಗೆ ಮಾತ್ರ ಉಡುತ್ತಿದ್ದರು, ಸೆರಗಿಗೆ ನೀರು ತಾಗಿಸುತ್ತಿದ್ದುದೆ ಅಪರೂಪವೆಂಬುದು ಆಮೇಲೆ ನೆನಪಾಯಿತು.

ಈ ಕಾರಣಗಳಿಂದ, ಮೊದಲ ಸಲ ಸೂಜಿ ಹಿಡಿಯುವವರು ನಮ್ಮಂತೆ ದೊಡ್ಡದಕ್ಕೆ ಕೈಹಾಕಬಾರದೆಂದು ಸ್ಪಷ್ಟವಾಗಿ ಹೇಳುತ್ತೇವೆ. ಕಳೆದುಕೊಂಡರೆ ಮರುಕವಾಗುವ ಬಟ್ಟೆಯಿಂದಲೂ ಆರಂಭಿಸಬಾರದು. ಕೂಸಿನ ಕೌದಿ 3 ಅಡಿ ಉದ್ದ, ಎರಡೂವರೆ ಅಡಿ ಅಗಲ. ಅರ್ಧ ಅಂಗುಲಕ್ಕೊಂದು ಸಾಲಿನಂತೆ 60 ಸಾಲು, ಆರೂವರೆ ಸಾವಿರ ಹೊಲಿಗೆ. ನಿಮಿಷಕ್ಕೆ ಹತ್ತು ಹೊಲಿಗೆ ಹಾಕುವ ಹೊಸಬನಿಗೂ ಹನ್ನೊಂದು ತಾಸಿನ ಕೆಲಸ. ದಿನಕ್ಕೊಂದು ತಾಸು ಕೊಟ್ಟರೆ ಎರಡು ವಾರದೊಳಗೆ ಮುಗಿಯುತ್ತದೆ.

ಇದು ಬರಿಯ ಉಪದೇಶವಲ್ಲ. ನಮ್ಮ ಆಫೀಸಿನ ಸಮೀಪದ ಹೊಟೇಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ತರುಣನಿದ್ದಾನೆ. ದೋಸೆಯ ಕಾವಲಿಯ ಮುಂದೆ ನಿಲ್ಲುವ ಕೆಲಸ. ರಾತ್ರಿ ಬಾಗಿಲು ಹಾಕಿದ ಮೇಲೆ ಮಹಡಿಯ ಮೇಲಿನ ಕೋಣೆಯಲ್ಲಿ ಏಳೆಂಟು ಮಂದಿಯೊಡನೆ ಮಲಗುತ್ತಾನೆ. ಊರಿನಲ್ಲಿ ಅವನ ತಂಗಿ ಬಾಣಂತಿ, ರಜೆ ಸಿಗಲಿಲ್ಲ. ಒಂದು ಮಧ್ಯಾಹ್ನ ನಮ್ಮ ಬೆರಳಿನ ಗಾಯ ನೋಡಿ ಏನೆಂದು ಕೇಳಿದ. ಕೌದಿಯ ವೃತ್ತಾಂತವನ್ನು ಕೇಳಿ ನಕ್ಕು ಸುಮ್ಮನಾದನೆಂದು ತಿಳಿದಿದ್ದೆವು. ಎರಡು ದಿನಗಳ ಬಳಿಕ ಲೋಟವನ್ನು ಇಡುತ್ತ, ಕೂಸಿಗೆ ಹಾಸಲು ಎಷ್ಟು ಪದರ ಬೇಕೆಂದು ಮೆಲ್ಲಗೆ ಕೇಳಿದ. ಕರಾವಳಿಯ ಸೆಕೆಗೆ ಮೂರು ಸಾಕೆಂದೆವು. ತನ್ನ ಎರಡು ಹಳೆಯ ಪಂಚೆ, ಒಂದು ಬೈರಾಸ, ಕಾಲರು ಸವೆದ ಎರಡು ಅಂಗಿ, ಇಷ್ಟರಿಂದ ಅವನು ಹೊಲಿದ. ಅಂಗಿಯ ಗುಂಡಿಗಳನ್ನೂ ಜೇಬನ್ನೂ ತೆಗೆದುಹಾಕೆಂದೂ, ಕೂಸಿನ ಬೆರಳು ಸಿಕ್ಕಿಕೊಳ್ಳದಂತೆ ಹೊಲಿಗೆ ಸಣ್ಣದಿರಲೆಂದೂ, ಅದು ಹಾಸುವುದಕ್ಕೆ ಮಾತ್ರ, ಮುಖದ ಮೇಲೆ ಬರುವಂತೆ ಹೊದಿಸತಕ್ಕದ್ದಲ್ಲವೆಂದೂ ಹೇಳಿದ್ದೆವು. ಕೋಣೆಯ ಜೊತೆಗಾರರು ಮೊದಮೊದಲು ಹಾಸ್ಯ ಮಾಡಿದರಂತೆ. ದೀಪ ಆರಿಸೆಂದು ಗದ್ದಲ ಮಾಡಿದವನೊಬ್ಬ ಒಂದು ವಾರ ಕಳೆಯುವುದರೊಳಗೆ ಸೂಜಿ ಪೋಣಿಸಿಕೊಡತೊಡಗಿದನಂತೆ. ಅವನ ಕಣ್ಣು ಚುರುಕು.

ಅಂಚೆಗೆ ಹಾಕುವ ಮುನ್ನ ತಂದು ತೋರಿಸಿದ. ಸಾಲುಗಳು ಒಂದು ಮಗ್ಗುಲಿಗೆ ವಾಲಿದ್ದವು.

“ಹೊಲ್ಗಿ ಸಮ ಆಯ್ಲಿಲ್ಲ ಮಾರಾಯ್ರೆ. ಶಿಶುಗ್ ಎಂತ ಗೊತ್ತಾತ್ತ್?”

ಹಿಂಭಾಗ ಹೊರಳಿಸಿ ನೋಡಿದೆವು. ಒಂದು ಗಂಟೂ ಹೊರಗೆ ಕಾಣಲಿಲ್ಲ. ನಮ್ಮದಕ್ಕಿಂತ ಅದು ಉತ್ತಮವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹೇಳಿದ ಹಿರಿಯರು, ಹಾಸಿಗೆಯನ್ನೆ ಹೊಲಿದುಕೊಳ್ಳುವವನಿಗೆ ಏನು ಹೇಳುತ್ತಿದ್ದರೋ ಕಾಣೆವು. ಸೂಜಿ ಹೆಂಗಸರ ಸೊತ್ತೆಂಬ ಸಂಕೋಚವುಳ್ಳವರು ಮುಂಬಯಿಯ ಯಾವ ಗಲ್ಲಿಯಲ್ಲಾದರೂ ದರ್ಜಿಯ ಅಂಗಡಿಯೊಳಗೆ ಇಣಿಕಿ ನೋಡಲಿ.

ಒಗೆತದ ಬಗ್ಗೆ ಎರಡು ಮಾತು. ನೆನೆದ ಕೌದಿಯ ಭಾರ ಒಬ್ಬರ ಕೈಗೆ ಮೀರಿದ್ದು. ಎತ್ತುವಾಗ ಒಂದೆ ತುದಿ ಹಿಡಿದರೆ ಹೊಲಿಗೆಯ ಮೇಲೆ ಎಲ್ಲ ಭಾರ ಬಿದ್ದು ನೂಲು ಕಡಿಯುತ್ತದೆ. ಇಬ್ಬರು ಸೇರಿ ಎತ್ತಬೇಕು, ಹಿಂಡದೆ ಒತ್ತಿ ನೀರಿಳಿಸಬೇಕು, ಗಚ್ಚಿನ ಮೇಲೆ ಮಲಗಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಆ ಸಾಹಸ ಬೇಡ, ಒಳಪದರ ಒಣಗುವ ಮುನ್ನ ಮುಗ್ಗಲು ವಾಸನೆ ಹಿಡಿಯುತ್ತದೆ. ನಮ್ಮ ಕಡೆ ಮಹಾನವಮಿಯ ಮುನ್ನ ಮನೆಯ ಹಾಸಿಗೆ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವ ಪದ್ಧತಿಯಿದೆ. ಮಳೆ ಹಿಂದೆಗೆದು, ಹಳ್ಳದಲ್ಲಿ ನೀರೂ ಮೇಲೆ ಬಿಸಿಲೂ ಒಟ್ಟಿಗೆ ಇರುವ ದಿನಗಳು ಅವೆ ತಾನೆ.

ಕಳೆದ ಮಹಾನವಮಿಗೆ ಅಕ್ಕ ಮತ್ತೆ ಬಂದಿದ್ದಳು. ಒಗೆದು ಒಣಗಿಸಿದ ಕೌದಿಯನ್ನು ನಾವಿಬ್ಬರೂ ಗಚ್ಚಿನ ಮೇಲಿನಿಂದ ಇಳಿಸಿ ತಂದು ಅವಳ ಮುಂದೆ ಹಾಸಿದೆವು. ನೆರಿಗೆಗಳನ್ನು ನೋಡಿದಳು. ಗುಲಾಬಿಯಾದ ಧೋತರದ ಮೇಲೆ ಕೈಯಾಡಿಸಿ, “ಅಪ್ಪಗ ಓಕಳಿ ಆಡಿಸಿದಂಗ ಆಗೇತಿ” ಎಂದು ನಕ್ಕಳು. ಆಮೇಲೆ ಕನ್ನಡಕ ಏರಿಸಿಕೊಂಡು ಒಂದು ಮೂಲೆಯಲ್ಲಿ ಸಡಿಲಾಗಿದ್ದ ಸಾಲನ್ನು ಉಗುರಿನಿಂದ ಎಬ್ಬಿಸಿ, ಸೂಜಿ ತರಹೇಳಿದಳು. ಆ ಸಾಲನ್ನು ಬಿಚ್ಚಿ ಮರಳಿ ಹೊಲಿಯುತ್ತಲೆ, ಟ್ರಂಕಿನಲ್ಲಿ ಇನ್ನೂ ಉಳಿದಿದ್ದ ಶಹಾಪುರದ ಸೀರೆಯನ್ನು ನೆನೆಯಿಡಲಾಗಿದೆಯೆ ಎಂದು ನಮ್ಮ ಮನೆಯವರನ್ನು ಕೇಳಿದಳು.